ಕಪ್ಪು ಎರಡು ಅಂದರೆ ಕೈ ಎಲ್ಲಿಡಬೇಕು? ಗಿಟಾರಿನಲ್ಲಿ ಸರಿಸುವ ಆಡ್ ನೈನ್ ಕಾರ್ಡ್

ಕಲಬುರಗಿಯಲ್ಲಿ ಗಿಟಾರ್ ಕಲಿಯುವವರಿಗೆ ಒಂದಲ್ಲ ಒಂದು ದಿನ ಪೇಟಿ, ಅಂದರೆ ಹಾರ್ಮೋನಿಯಂ, ಎದುರಾಗುತ್ತದೆ. ಮಠದ ಭಜನೆ ಇರಬಹುದು, ಕಾಲೇಜಿನ ವಚನ ಗಾಯನ ಇರಬಹುದು. ಹಾಡುವವರು ‘ಕಪ್ಪು ಎರಡು’ ಅಂದುಬಿಡುತ್ತಾರೆ, ಅಂದರೆ ಪೇಟಿಯ ಎರಡನೇ ಕಪ್ಪು ಮನೆಯೇ ಅವರ ಸ. ಪೇಟಿ ಮಾಸ್ತರಿಗೆ ಅದು ಸಲೀಸು. ಸಿ, ಜಿ, ಡಿ ಎಂದು ಓಪನ್ ಕಾರ್ಡ್ (ಕೆಲವು ತಂತಿ ಒತ್ತದೆ ಬಾರಿಸುವ ಸ್ವರಗುಚ್ಛ) ಮಾತ್ರ ಕಲಿತವರ ಕೈ ಅಲ್ಲೇ ನಿಲ್ಲುತ್ತದೆ. ಕೇಪೋ (ಎಲ್ಲ ತಂತಿ ಒಟ್ಟಿಗೆ ಒತ್ತುವ ಕ್ಲಿಪ್) ಹಾಕಿದರೂ ನಡೆಯುತ್ತದೆ, ತಪ್ಪೇನಿಲ್ಲ. ಆದರೆ ಎರಡು ಹಿಡಿತ ಕಲಿತರೆ ಸ ಎಲ್ಲೇ ಇರಲಿ, ಯಾವ ಪಟ್ಟಿಗಾದರೂ ಕೈ ಸರಿಸಿಕೊಂಡು ಹೋಗಬಹುದು.

ಸ, ಗ, ಪ ಸೇರಿದರೆ ಸಾದಾ ಮೇಜರ್ ಕಾರ್ಡ್. ಅದಕ್ಕೆ ಮೇಲಿನ ಸಪ್ತಕದ ರಿ ಸೇರಿಸಿದರೆ ಆಡ್ ನೈನ್. ಸ ಒಂದು ಅಂತ ಎಣಿಸುತ್ತಾ ಹೋಗಿ, ಮೇಲಿನ ರಿ ಒಂಬತ್ತನೆಯದು. ಇದರಲ್ಲಿ ನಿ ಇರಬಾರದು. ಬರೀ ‘ಸಿ 9’ ಎಂದು ಬರೆದಿದ್ದರೆ ಅದರಲ್ಲಿ ಕೋಮಲ (ಅರ್ಧ ಸ್ವರ ಇಳಿದ) ನಿ ಕೂಡ ಇರುತ್ತದೆ. ಎರಡನ್ನೂ ಒಂದೇ ಅಂದುಕೊಂಡು ಬಾರಿಸುವವರೇ ಜಾಸ್ತಿ.

ಮೊದಲ ಹಿಡಿತ ನಾಲ್ಕು ತಂತಿಯದು. ಸಣ್ಣ ತಂತಿ 1ನೆಯದು ಎಂದು ಲೆಕ್ಕ ಇಟ್ಟುಕೊಳ್ಳಿ. ಫ್ರೆಟ್ ಅಂದರೆ ಕತ್ತಿನ ಮೇಲಿನ ಅಡ್ಡ ಪಟ್ಟಿಗಳ ನಡುವಿನ ಮನೆ. 4ನೇ ತಂತಿಯ 5ನೇ ಫ್ರೆಟ್‌ಗೆ ಉಂಗುರಬೆರಳು. 3ನೇ ತಂತಿಯ 4ಕ್ಕೆ ನಡುಬೆರಳು. 2ನೇ ತಂತಿಯ 3ಕ್ಕೆ ತೋರುಬೆರಳು. 1ನೇ ತಂತಿಯ 5ಕ್ಕೆ ಕಿರುಬೆರಳು. ಇದು ಜಿ ಆಡ್ ನೈನ್. ದಪ್ಪ ತಂತಿಯ ಕಡೆಯಿಂದ ಒಂದೊಂದೇ ಮೀಟಿ: ಸ, ಗ, ಪ, ರಿ. ಬಾಯಲ್ಲೂ ಅನ್ನಿ, ಕಿವಿ ಬೇಗ ಹಿಡಿಯುತ್ತದೆ.

ಸಾಮಾನ್ಯವಾಗಿ ಪ ಕೇಳಿಸುವುದಿಲ್ಲ. ಫ್ರೆಟ್ ಸರಿ ಇಲ್ಲ ಅಂತ ಅಂಗಡಿಗೆ ಒಯ್ಯಬೇಡಿ. ನಡುಬೆರಳು ವಾಲಿ 2ನೇ ತಂತಿಗೆ ತಾಗುತ್ತಿರುತ್ತದೆ, ಅಷ್ಟೇ. ಹೆಬ್ಬೆರಳನ್ನು ಕತ್ತಿನ ಹಿಂದೆ ಸ್ವಲ್ಪ ಕೆಳಗಿಳಿಸಿ. ಬೆರಳುಗಳು ತಾವಾಗಿಯೇ ಕಮಾನಾಗಿ ನಿಲ್ಲುತ್ತವೆ. ಉಂಗುರಬೆರಳಿನ ತುದಿ 5ನೇ ತಂತಿಗೆ ತುಸು ತಾಗಿರಲಿ, ಆಗ ಅದು ಸುಮ್ಮನಾಗುತ್ತದೆ. 6ನೆಯದನ್ನು ಮೀಟಲೇಬೇಡಿ. ಪಿಕ್ ಬಿಟ್ಟು ನಾಲ್ಕು ಬೆರಳಲ್ಲಿ ನಾಲ್ಕು ತಂತಿ ಎಳೆದರೆ ಈ ರಗಳೆಯೇ ಇಲ್ಲ. ನಂಗಂತೂ ಭಜನೆಗೆ ಅದೇ ಚೆಂದ.

ಈಗ ಸರಿಸುವುದು. ಬೆರಳು ಎತ್ತಬೇಡಿ, ಒತ್ತಡ ಮಾತ್ರ ಸಡಿಲಿಸಿ ಜಾರಿಸಿ. ಉಂಗುರಬೆರಳು ಎಲ್ಲಿದೆಯೋ ಅದೇ ಸ, ಅದೇ ಕಾರ್ಡಿನ ಹೆಸರು. 4ನೇ ತಂತಿಯ 4ನೇ ಫ್ರೆಟ್ ಕಪ್ಪು 3, 6ನೆಯದು ಕಪ್ಪು 4, 8ನೆಯದು ಕಪ್ಪು 5.

ಎರಡನೇ ಹಿಡಿತದಲ್ಲಿ ಸ 5ನೇ ತಂತಿಗೆ ಹೋಗುತ್ತದೆ. ಅದರ 6ನೇ ಫ್ರೆಟ್‌ಗೆ ಉಂಗುರಬೆರಳು, 4ನೇ ತಂತಿಯ 5ಕ್ಕೆ ನಡುಬೆರಳು, 3ನೇ ತಂತಿಯ 3ಕ್ಕೆ ತೋರುಬೆರಳು, 2ನೇ ತಂತಿಯ 6ಕ್ಕೆ ಕಿರುಬೆರಳು. ಇದೇ ಕಪ್ಪು 2, ಅಂದರೆ ಡಿ ಶಾರ್ಪ್. ಎರಡು ಫ್ರೆಟ್ ಕೆಳಗೆ, 4ಕ್ಕೆ ಬಂದರೆ ಕಪ್ಪು 1. ಕೆಳಗೆ ಬಂದಷ್ಟೂ ಬೆರಳು ಜಾಸ್ತಿ ಅಗಲಿಸಬೇಕು. ಹಾಗಾಗಿ ಮೊದಲು 8 ಅಥವಾ 9ನೇ ಫ್ರೆಟ್‌ನಲ್ಲಿ ರೂಢಿ ಮಾಡಿ, ಆಮೇಲೆ ಇಳಿಯಿರಿ. ತೋರುಬೆರಳನ್ನು ಮಲಗಿಸಿ 1ನೇ ತಂತಿಯನ್ನೂ ಒತ್ತಬಹುದು. ಅಲ್ಲಿ ಸಿಗುವುದು ಗ, ಕಾರ್ಡ್ ತುಂಬಿಕೊಳ್ಳುತ್ತದೆ. ಒತ್ತಲು ಬರದಿದ್ದರೆ ಸುಮ್ನೆ ತಾಗಿಸಿ ಮೌನ ಮಾಡಿ.

ನಿಜವಾದ ಲಾಭ ಎರಡನ್ನೂ ಕೂಡಿಸಿದಾಗ ಸಿಗುತ್ತದೆ. ಸ ಎರಡನೇ ಹಿಡಿತದಲ್ಲಿ 6ನೇ ಫ್ರೆಟ್‌ನಲ್ಲಿದ್ದರೆ, ಮ ಪಕ್ಕದ 4ನೇ ತಂತಿಯ ಅದೇ 6ನೇ ಫ್ರೆಟ್‌ನಲ್ಲಿ, ಮೊದಲ ಹಿಡಿತದಲ್ಲಿ ಸಿಗುತ್ತದೆ. ಅಲ್ಲಿಂದ ಎರಡು ಫ್ರೆಟ್ ಮೇಲೆ ಪ. ಸ, ಮ, ಪ, ಮತ್ತೆ ಸ. ಎಲ್ಲ ಸ್ವರವೂ ಶುದ್ಧವಾಗಿರುವ ಬಿಲಾವಲ್ ಥಾಟಿನ ಎಷ್ಟೋ ಹಾಡಿಗೆ ಇಷ್ಟೇ ಸಾಕು. ಗಾಯಕರು ಕಪ್ಪು 1ಕ್ಕೆ ಇಳಿದರೆ ಪೂರ್ತಿ ನಕ್ಷೆಯೇ ಎರಡು ಫ್ರೆಟ್ ಇಳಿಯುತ್ತದೆ. ಹೊಸದಾಗಿ ಏನೂ ಕಲಿಯಬೇಕಿಲ್ಲ ಅಲ್ವಾ?

ಇನ್ನು ನಮ್ಮೂರಿನ ಬಿಸಿಲು. ಏಪ್ರಿಲ್, ಮೇನಲ್ಲಿ ಪಾರಾ 40 ಡಿಗ್ರಿ ದಾಟುತ್ತದೆ. ಬೆವರಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ, ಬಾರಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ಮುಚ್ಚಿದ ಕಾರಿನಲ್ಲಿ ಗಿಟಾರ್ ಬಿಟ್ಟು ಹೋಗಬೇಡಿ. ಶ್ರುತಿಯನ್ನು ಫೋನಿನ ಟ್ಯೂನರ್ ನೋಡಿ ಮಾಡಿಕೊಂಡು ಬಂದಿದ್ದರೂ ಪೇಟಿಯ ಜೊತೆ ಇನ್ನೊಮ್ಮೆ ಕೂಡಿಸಿ. ಹಳೆಯ ಪೇಟಿ ಟ್ಯೂನರಿನ ಮಾತು ಕೇಳುವುದಿಲ್ಲ.

ಎಲ್ಲ ಹಾಡಿಗೂ ಇದನ್ನೇ ಹಚ್ಚಬೇಡಿ. ಈ ಕಾರ್ಡಿನಲ್ಲಿರುವುದು ಶುದ್ಧ ರಿ, ಶುದ್ಧ ಗ. ಭೈರವಿ, ತೋಡಿಯಲ್ಲಿ ಎರಡೂ ಕೋಮಲ. ಅಲ್ಲಿ ಆಡ್ ನೈನ್ ಬಾರಿಸಿದರೆ ಹಾಡುವವರು ತಿರುಗಿ ನೋಡುತ್ತಾರೆ. ಅಂಥ ಹಾಡು ಬಂದಾಗ ಸ, ಪ ಎರಡೇ ತಂತಿ ಮೀಟುತ್ತಿರಿ, ಉಳಿದದ್ದನ್ನು ಪೇಟಿ ನೋಡಿಕೊಳ್ಳುತ್ತದೆ.