ಕಾಡಿನ ಓದಿಗೆ ಎಷ್ಟು ಖರ್ಚು? ಕಾಲೇಜು ಆರಿಸುವ ಮೊದಲು ಹೀಗೆ ಲೆಕ್ಕ ಹಾಕಿ

ಪಿಯುಸಿ ಮುಗಿಸಿದ ನನ್ನ ಅಕ್ಕನ ಮಗಳಿಗೆ ಕಾಡಿಗೆ ಸಂಬಂಧಿಸಿದ ಓದೇ ಬೇಕಿತ್ತು. ಮನೆಯವರೆಲ್ಲ ಕೂತು ಫೀಸು ನೋಡಿದೆವು. ಅಗ್ಗ ಅನ್ನಿಸಿದ ದಾರಿಯೇ ಕೊನೆಗೆ ದುಬಾರಿ ಅಂತ ತಿಳಿದಿದ್ದು ಖರ್ಚನ್ನೆಲ್ಲ ಹಾಳೆಯಲ್ಲಿ ಬರೆದ ಮೇಲೆ. ಹಣದ ಭಯಕ್ಕೆ ಯಾವ ಮಗುವೂ ಈ ಓದಿನಿಂದ ಹಿಂದೆ ಸರಿಯಬಾರದು. ಅದಕ್ಕೇ ಆ ಲೆಕ್ಕವನ್ನು ಇಲ್ಲಿ ಹೇಳುತ್ತಿದ್ದೇನೆ.

1. ದಾರಿ ಯಾವುದು ನೋಡಿ

ಒಂದು ದಾರಿ, ನಾಲ್ಕು ವರ್ಷದ ಬಿಎಸ್ಸಿ ಅರಣ್ಯಶಾಸ್ತ್ರ. ಇದಕ್ಕೆ ಶಿರಸಿ ಮತ್ತು ಕೊಡಗಿನ ಪೊನ್ನಂಪೇಟೆಯಲ್ಲಿ ಸರ್ಕಾರಿ ಅರಣ್ಯ ಕಾಲೇಜುಗಳಿವೆ. ಶಿರಸಿಯದು ಧಾರವಾಡ ಕೃಷಿ ವಿವಿಗೆ ಸೇರಿದೆ. ಸೀಟು ಸಿಇಟಿ ಮೂಲಕ ಸಿಗುತ್ತದೆ. ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯನ್ನೂ ಕೊಡಬೇಕು. ಹೊಲ ಇದ್ದೂ ಅರ್ಜಿಯಲ್ಲಿ ಈ ಕೋಟಾ ಕೇಳಲು ಮರೆತರೆ ಕಡಿಮೆ ಫೀಸಿನ ಸೀಟು ಕೈತಪ್ಪಬಹುದು.

ಇನ್ನೊಂದು ದಾರಿ, ಹತ್ತಿರದ ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಅಥವಾ ಪರಿಸರ ವಿಜ್ಞಾನ ಓದಿ, ಆಮೇಲೆ ಎಂಎಸ್ಸಿ ಮಾಡುವುದು.

2. ಕೋರ್ಸು ಮುಗಿಯುವವರೆಗಿನ ಖರ್ಚು ಬರೆಯಿರಿ

ಎಲ್ಲರೂ ತಪ್ಪುವುದು ಇಲ್ಲೇ. ಮೊದಲ ವರ್ಷದ ಫೀಸು ನೋಡಿ ಸುಮ್ನಾಗುತ್ತಾರೆ. ಫೀಸಿನ ಪಕ್ಕ ಹಾಸ್ಟೆಲ್, ಮೆಸ್ ಬಿಲ್, ಊರಿಗೆ ಹೋಗಿಬರುವ ಬಸ್ ಚಾರ್ಜು, ಪುಸ್ತಕ ಎಲ್ಲ ಬರೆಯಿರಿ. ಅರಣ್ಯ ಓದುವವರು ಕಾಡು ಸುತ್ತಬೇಕು. ಶಿರಸಿಯಲ್ಲೂ ಕೊಡಗಿನಲ್ಲೂ ಮಳೆ ಜೋರು, ಒಳ್ಳೆ ರೇನ್‌ಕೋಟು, ಬೂಟು ಬೇಕೇ ಬೇಕು. ಅಧ್ಯಯನ ಪ್ರವಾಸಕ್ಕೂ ಒಂದು ಮೊತ್ತ ತೆಗೆದಿಡಿ.

ಉದಾಹರಣೆಗೆ ಒಂದು ಲೆಕ್ಕ ನೋಡೋಣ. ಅಂಕಿಗಳು ಬರೀ ಮಾದರಿ, ನಿಮ್ಮ ಕಾಲೇಜಿನ ಅಂಕಿ ಹಾಕಿಕೊಳ್ಳಿ. ಮನೆಯಿಂದ ಓಡಾಡುವ ಕಾಲೇಜಿಗೆ ವರ್ಷಕ್ಕೆ ಫೀಸು 30,000, ಬಸ್ಸು, ಪುಸ್ತಕಕ್ಕೆ 15,000. ಮೂರು ವರ್ಷಕ್ಕೆ 1,35,000. ಅರಣ್ಯ ಕಾಲೇಜಿಗೆ ವರ್ಷಕ್ಕೆ ಎಲ್ಲ ಸೇರಿ 1,00,000, ಪ್ರವಾಸಕ್ಕೆ ಒಟ್ಟು 20,000. ನಾಲ್ಕು ವರ್ಷಕ್ಕೆ 4,20,000. ಹತ್ತಿರದ ಕಾಲೇಜು ಎಷ್ಟು ಅಗ್ಗ ಅಲ್ವಾ? ಆದರೆ ಸಂರಕ್ಷಣೆಯ ಕೆಲಸಕ್ಕೆ ಬರೀ ಬಿಎಸ್ಸಿ ಸಾಲುವುದು ಕಷ್ಟ. ಬೇರೆ ಊರಲ್ಲಿ ಎರಡು ವರ್ಷದ ಎಂಎಸ್ಸಿಗೆ 3,00,000 ಸೇರಿಸಿ. ಐದು ವರ್ಷ, 4,35,000 ಆಯಿತು. ದುಡ್ಡೂ ಜಾಸ್ತಿ, ಒಂದು ವರ್ಷವೂ ಜಾಸ್ತಿ.

ಕಾಯುವ ವರ್ಷವನ್ನೂ ಎಣಿಸಿ. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ತನ್ನ ವನ್ಯಜೀವಿ ಎಂಎಸ್ಸಿಗೆ ಎರಡು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತ ಬಂದಿದೆ. ನಿಮ್ಮ ಡಿಗ್ರಿ ತಪ್ಪು ವರ್ಷದಲ್ಲಿ ಮುಗಿದರೆ ಒಂದು ವರ್ಷ ಕಾಯಬೇಕು.

3. ಸಿಗುವ ನೆರವು ಕಳೆಯಿರಿ

ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆ ನೆರವು ಕೊಡುವ ವಿದ್ಯಾಸಿರಿ ಇದೆ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ರೈತರ ಮಕ್ಕಳಿಗಾಗಿ ಬಂದ ವಿದ್ಯಾರ್ಥಿವೇತನ. ಪಿಯುಸಿಯಲ್ಲಿ ಒಳ್ಳೆ ಅಂಕ ಬಂದು, ಮನೆಯ ವರಮಾನ 4.5 ಲಕ್ಷದೊಳಗಿದ್ದರೆ ಕೇಂದ್ರದ ವಿದ್ಯಾರ್ಥಿವೇತನಕ್ಕೂ ಪ್ರಯತ್ನಿಸಿ. ಒಂದು ಸಿಕ್ಕರೆ ಇನ್ನೊಂದು ಸಿಗದಿರಬಹುದು, ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಬೇಡಿ. ಹಣ ಖಾತೆಗೆ ಬರುವುದು ತಡ. ಮೊದಲ ವರ್ಷದ ಖರ್ಚು ಕೈಯಲ್ಲಿರಲಿ.

4. ಸಾಲ ಕೊನೆಗೆ

2024ರಲ್ಲಿ ಕೇಂದ್ರ ತಂದ ಶಿಕ್ಷಣ ಸಾಲದ ಯೋಜನೆ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ವರಮಾನ 8 ಲಕ್ಷದೊಳಗಿನ ಮನೆಯ ಮಕ್ಕಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಶೇ 3ರಷ್ಟು ಬಡ್ಡಿ ರಿಯಾಯಿತಿ ಇದೆ. ಎಲ್ಲ ಕಾಲೇಜಿಗೂ ಇಲ್ಲ. ನಿಮ್ಮ ಕಾಲೇಜು ಪಟ್ಟಿಯಲ್ಲಿದೆಯಾ ನೋಡಿಯೇ ಬ್ಯಾಂಕಿಗೆ ಹೋಗಿ.

5. ಅಲ್ಲಿ ಓದುವವರನ್ನು ಕೇಳಿ

ನಮಗೆ ಹೆಚ್ಚು ಉಪಯೋಗವಾಗಿದ್ದು ಇದೇ. ಮೂರನೇ ವರ್ಷದ ಒಬ್ಬ ವಿದ್ಯಾರ್ಥಿನಿಗೆ ಫೋನ್ ಮಾಡಿದೆವು. ಹೋದ ತಿಂಗಳ ಮೆಸ್ ಬಿಲ್ ಎಷ್ಟು ಬಂತು, ಪ್ರವಾಸಕ್ಕೆ ಎಷ್ಟು ಕಟ್ಟಿದಿರಿ, ಹಾಸ್ಟೆಲ್ ಎಲ್ಲರಿಗೂ ಸಿಗುತ್ತಾ, ಡಿಪಾಸಿಟ್ ವಾಪಸ್ ಕೊಡುತ್ತಾರಾ ಅಂತ ಕೇಳಿದೆವು. ಆ ಹುಡುಗಿ ಹತ್ತು ನಿಮಿಷದಲ್ಲಿ ಎಲ್ಲ ಹೇಳಿದಳು. ನಮ್ಮ ಹಾಳೆಯಲ್ಲಿ ಖಾಲಿ ಇದ್ದ ನಾಲ್ಕು ಸಾಲು ಅವತ್ತೇ ತುಂಬಿದವು.