ಮೊದಲ ಹಾಯಿದೋಣಿ: ಹೊಸದೋ, ಹಳೆಯದೋ?

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿದ್ದು, ಸೇಲಿಂಗ್ ಕ್ಲಾಸ್ ಮುಗಿಸಿ, ಈಗ ಸ್ವಂತ ದೋಣಿ ಬೇಕು ಅಂತ ಮರೀನಾ (ದೋಣಿ ನಿಲ್ಲಿಸುವ ತಾಣ) ಸುತ್ತುತ್ತಿದ್ದೀರಾ? ಮೊದಲನೆಯದು ಹಳೆಯದೇ ಇರಲಿ. ಆದರೆ ತಪಾಸಣೆಯಲ್ಲಿ ಮಾತ್ರ ದುಡ್ಡು ಉಳಿಸಲು ಹೋಗಬೇಡಿ.

ಫೈಬರ್‌ಗ್ಲಾಸ್ ಒಡಲು ಚೆನ್ನಾಗಿ ನೋಡಿಕೊಂಡರೆ ನಲವತ್ತು ವರ್ಷ ಆರಾಮಾಗಿ ಬಾಳುತ್ತದೆ. ಕ್ಯಾಟಲೀನಾ 30 ಅನ್ನೋ ಹಾಯಿದೋಣಿ ಮಾಡೆಲ್ ನೋಡಿ, 1970ರ ದಶಕದಿಂದ 2008ರವರೆಗೆ 6,000ಕ್ಕೂ ಜಾಸ್ತಿ ಕಟ್ಟಿದ್ದಾರೆ. ಇಷ್ಟು ಸಾಮಾನ್ಯವಾದ ದೋಣಿಯಾದರೆ ಅದರ ಕಾಯಿಲೆಗಳು ಏನು ಅಂತ ಎಲ್ಲರಿಗೂ ಗೊತ್ತಿರುತ್ತದೆ, ಬೇಡ ಅನ್ನಿಸಿದಾಗ ಮಾರುವುದೂ ಸುಲಭ. ಇಲ್ಲಿ ಬೇಸಿಗೆಯ ಮಧ್ಯಾಹ್ನ ಗಾಳಿ 20-25 ನಾಟ್ (ಗಂಟೆಗೆ ಸುಮಾರು 37-46 ಕಿ.ಮೀ.) ಬೀಸುವುದು ಮಾಮೂಲು. ಅಂಥ ಗಾಳಿಯಲ್ಲಿ ಕಲಿಯುವಾಗ ಡಾಕ್‌ಗೆ ಗುದ್ದುವುದು ಇದ್ದದ್ದೇ ಅಲ್ವಾ, ಆ ಗೀರು ಹಳೇ ದೋಣಿಗೇ ಬೀಳಲಿ.

ಹೊಸ ದೋಣಿ ಬ್ರೋಷರ್‌ನಲ್ಲಿರುವ ಬೆಲೆಗೆ ನೀರಿಗೆ ಇಳಿಯುವುದಿಲ್ಲ. ತಳದ ಬಣ್ಣ, ಲಂಗರು, ರೇಡಿಯೋ, ಸಾಗಣೆ, ಜೋಡಣೆ ಇವೆಲ್ಲ ಸಾಮಾನ್ಯವಾಗಿ ಬೇರೆ ಲೆಕ್ಕ. ಕೊಳ್ಳುವಾಗ ಕಟ್ಟುವ ತೆರಿಗೆ ಸಾಲದು ಅಂತ, ಕ್ಯಾಲಿಫೋರ್ನಿಯಾದ ಕೌಂಟಿಗಳು ದೋಣಿಯ ಮೌಲ್ಯದ ಮೇಲೆ ವರ್ಷವರ್ಷವೂ ಆಸ್ತಿ ತೆರಿಗೆ ಹಾಕುತ್ತವೆ. ಮರೀನಾ ಬಾಡಿಗೆ ಮಾತ್ರ ಉದ್ದದ ಮೇಲೆ, ಅದಕ್ಕೆ ಹೊಸದು ಹಳೆಯದು ಭೇದವಿಲ್ಲ. ರಿಪೇರಿಗೆ ತಾಳ್ಮೆ ಇಲ್ಲ, ಕೈಯಲ್ಲಿ ದುಡ್ಡಿದೆ, ಹತ್ತು ವರ್ಷ ಇಟ್ಟುಕೊಳ್ಳುತ್ತೀರಿ ಅಂದರೆ ಹೊಸದು ತಗೊಳ್ಳಿ, ತಪ್ಪೇನಿಲ್ಲ.

ಹಳೆಯದನ್ನು ನೋಡಲು ಹೋಗುವ ಮುಂಚೆ, ಎಂಜಿನ್ ಬಿಸಿ ಮಾಡಿ ಇಡಬೇಡಿ ಅಂತ ಮಾರುವವರಿಗೆ ಹೇಳಿ. ತಣ್ಣಗಿದ್ದಾಗ ಸಲೀಸಾಗಿ ಸ್ಟಾರ್ಟ್ ಆಗುತ್ತದಾ, ಎಗ್ಸಾಸ್ಟ್‌ನಿಂದ ನೀರು ಬರುತ್ತದಾ, ಹೊಗೆ ಯಾವ ಬಣ್ಣ, ಎಲ್ಲ ನೋಡಿ. ತುಂಬಾ ಹಳೇ ಕ್ಯಾಟಲೀನಾಗಳಲ್ಲಿ ಅಟಾಮಿಕ್ 4 ಅನ್ನೋ ಪೆಟ್ರೋಲ್ ಎಂಜಿನ್ ಇರುತ್ತದೆ. ಗಟ್ಟಿ ಎಂಜಿನ್ನೇ, ಆದರೆ ಪೆಟ್ರೋಲ್ ಆವಿ ದೋಣಿಯ ತಳದಲ್ಲಿ ಕೂತರೆ ಸ್ಫೋಟದ ಭಯ, ಹಾಗಾಗಿ ನನ್ನ ಓಟು ಡೀಸೆಲ್‌ಗೆ. ಆಮೇಲೆ ಡೆಕ್ ಮೇಲೆ ನಿಧಾನವಾಗಿ ನಡೆಯಿರಿ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಟಕ್ ಟಕ್ ಅಂತ ಗಟ್ಟಿ ಸದ್ದು ಬಂದರೆ ಸರಿ, ದಬ್ ಅಂತ ಮಂಕಾಗಿ ಕೇಳಿದರೆ ಅಥವಾ ಕಾಲಡಿ ಮೆತ್ತಗಾದರೆ ಫೈಬರ್‌ಗ್ಲಾಸ್ ಪದರಗಳ ಒಳಗಿನ ಮರ ನೀರು ಕುಡಿದಿರಬಹುದು, ಅದನ್ನು ದೋಣಿ ರಿಪೇರಿ ಯಾರ್ಡ್‌ನಲ್ಲಿ ಸರಿ ಮಾಡಿಸಿದರೆ ಬಿಲ್ ಹಳೇ ದೋಣಿಯ ಬೆಲೆಯನ್ನೇ ಮೀರಬಹುದು. ಮಾಸ್ಟ್ (ಹಾಯಿಕಂಬ) ಹಿಡಿದಿರುವ ಸ್ಟೀಲ್ ತಂತಿಗಳನ್ನು ಯಾವಾಗ ಬದಲಾಯಿಸಿದ್ದು ಅಂತ ಕೇಳಿ, ಬಿಲ್ ತೋರಿಸಲು ಹೇಳಿ. ಹತ್ತು ಹದಿನೈದು ವರ್ಷ ದಾಟಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಹಾಯಿಬಟ್ಟೆ ಮೆತ್ತಗೆ ಹಳೇ ಪಂಚೆಯ ಹಾಗಿದ್ದರೆ ಅದೂ ಸಾವಿರಾರು ಡಾಲರ್ ಬಾಬತ್ತು.

ಇಷ್ಟೂ ಪಾಸಾದರೆ, ಸರ್ವೆ (ಪರಿಣತರಿಂದ ದೋಣಿಯ ತಪಾಸಣೆ) ಮತ್ತು ನೀರಿನಲ್ಲಿ ಓಡಿಸಿ ನೋಡುವ ಷರತ್ತು ಬರೆಸಿಯೇ ಮುಂಗಡ ಕೊಡಿ. ಸರ್ವೇಯರ್‌ನ್ನು ನೀವೇ ಹುಡುಕಿ, ಬ್ರೋಕರ್ ಹೇಳಿದವರು ಬೇಡ. ದೋಣಿಯನ್ನು ಮೇಲೆತ್ತಿಸಿ ತಳ ನೋಡಲೇಬೇಕು. ಕೀಲ್ (ದೋಣಿಯ ತಳದಡಿ ಇರುವ ಭಾರದ ರೆಕ್ಕೆ) ಒಡಲಿಗೆ ಕೂಡುವ ಕಡೆ ಮುಂಭಾಗದಲ್ಲಿ ಬಿರುಕಿರಬಹುದು, ಕ್ಯಾಟಲೀನಾಗಳಲ್ಲಿ ಇದು ಹೆಸರುವಾಸಿ ಸಮಸ್ಯೆ. ಬೋಲ್ಟ್ ಬಿಗಿ ಮಾಡಿ ಸೀಲ್ ಮಾಡಿದರೆ ಸಾಕಾ, ಒಳಗೆ ಕೊಳೆತಿದೆಯಾ ಅಂತ ಸರ್ವೇಯರ್ ಹೇಳಲಿ. ಆ ವರದಿಯನ್ನೇ ಇನ್ಶೂರೆನ್ಸ್‌ನವರಿಗೂ ಕಳಿಸಿ, ಅವರು ಒಪ್ಪಿದ ಮೇಲೆ ಮಿಕ್ಕ ಹಣ ಕೊಡಿ. ದೋಣಿಯ ಮೇಲೆ ಸಾಲ ಬಾಕಿ ಇದೆಯಾ ಅನ್ನುವುದನ್ನೂ ಅಷ್ಟರೊಳಗೆ ವಿಚಾರಿಸಿ. ಕೋಸ್ಟ್ ಗಾರ್ಡ್‌ನಲ್ಲಿ ದಾಖಲಾದ ದೋಣಿಯಾದರೆ ಅದರ ಮಾಲೀಕತ್ವದ ಇತಿಹಾಸ ಅಲ್ಲೇ ತರಿಸಿಕೊಳ್ಳಬಹುದು.