ಬ್ಯಾಳಿಗೆ ವಿಮೆ

ನಮ್ಮ ಸ್ವಸಹಾಯ ಸಂಘದ ನಡಾವಳಿ ಬರೆಯುವ ಕೆಲಸ ನನಗೆ ಬಂದಿದ್ದು ನನ್ನ ಅಕ್ಷರ ದುಂಡಗಿದೆ ಅಂತ. ಅದು ಮರಾಠಿ ಬರೆದು ಬರೆದು ದುಂಡಗಾದದ್ದು ಅನ್ನೋದು ಯಾರಿಗೂ ಹೊಳೆಯಲಿಲ್ಲ. ನಾನು ಖಾನಾಪುರ ಕಡೆಯವಳು, ಕಲಿತದ್ದು ಮರಾಠಿ ಶಾಲೆ. ಕನ್ನಡ ಅಲ್ಲಿ ಒಂದು ವಿಷಯ ಅಷ್ಟೇ. ಮದುವೆಯಾಗಿ ಬೆಳಗಾವಿಯ ವಡಗಾವಿಗೆ ಬಂದ ಮೇಲೆ ಮಾತು ಸಲೀಸಾಯಿತು. ಬರೆಯೋಕೆ ಕೂತರೆ ಮಾತ್ರ ಕೈ ನಡುಗುತ್ತಿತ್ತು.

ತಪ್ಪಾಗಬಾರದು ಅಂತ ನಾನು ಕಂಡುಕೊಂಡ ಉಪಾಯ, ಕಡಿಮೆ ಬರೆಯೋದು. ಸಭೆ ಸೇರಿತು, ಉಳಿತಾಯ ಜಮಾ ಆಯಿತು, ಸಭೆ ಮುಗಿಯಿತು. ಒಂದು ಸಲ ಹಿರಿಯ ಸದಸ್ಯೆಯೊಬ್ಬರು ದಂಡದ ವಿಷಯದಲ್ಲಿ ತಕರಾರು ತೆಗೆದರು. ಕಂತು ತಡವಾದರೆ ದಂಡ ಸರಿ, ಆದರೆ ಬಾಣಂತಿಯರಿಗೂ ದಂಡ ಹಾಕಿದರೆ ಹೇಗೆ ಅಂತ. 'ಕಟ್ಟದೇ ಇದ್ದರೆ', 'ಕಟ್ಟಲಾಗದಿದ್ದರೆ' ಎರಡರಲ್ಲಿ ಯಾವುದು ಸರಿ ಗೊತ್ತಾಗದೆ ಆ ಮಾತನ್ನೇ ಬಿಟ್ಟುಬಿಟ್ಟೆ. ಮುಂದಿನ ತಿಂಗಳು ನಡಾವಳಿ ಓದಿದಾಗ ಅವರು, "ನನ್ನ ಮಾತು ಎಲ್ಲಿ ಹೋತವಾ?" ಅಂದರು. ತಪ್ಪು ಬರೆದಿದ್ದರೂ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಆಮೇಲೆ ಎಲ್ಲ ಬರೆಯೋಕೆ ಶುರು ಮಾಡಿದೆ. ತಪ್ಪುಗಳೂ ಧಾರಾಳ. ವಡಗಾವಿ ಶಿವಾರದಲ್ಲಿ ಭತ್ತದ ಗದ್ದೆ ಇರುವ ಸದಸ್ಯೆಯರು ವಿಮೆ ಕಂತಿಗೆ ಸಾಲ ಕೇಳಿದ್ದರು. ನಾನು 'ಬೇಳೆ ವಿಮೆ' ಅಂತ ಬರೆದೆ. ಓಣಿಯ ನಿವೃತ್ತ ಅಕ್ಕೋರು, ಅಂದರೆ ಶಾಲೆಯ ಟೀಚರು, ಓದಿ ನಕ್ಕರು. "ಬ್ಯಾಳಿಗೆ ಯಾರ ವಿಮಾ ಮಾಡಸ್ತಾರವಾ?"

ಮರಾಠಿ ಬರವಣಿಗೆಯಲ್ಲಿ ಎ, ಏ ಅಂತ ಎರಡಿಲ್ಲ. ಒ, ಓ ಕೂಡ ಹಾಗೇ, ಒಂದೇ. ಹಾಗಾಗಿ ದೀರ್ಘ ಎಲ್ಲಿ ಹಾಕಬೇಕು ಅನ್ನೋದು ನನಗೆ ಯಾವಾಗಲೂ ಅಂದಾಜು. ಆದರೆ ಅಕ್ಕೋರ ಮಾತಲ್ಲೇ ದಾರಿ ಇತ್ತು. ನಮ್ಮ ಕಡೆ ಬೇಳೆ ಅಂದರೆ ಬ್ಯಾಳಿ, ಬೆಳೆ ಅಂದರೆ ಬೆಳಿ. ಪೇಟೆ ಪ್ಯಾಟಿ, ಮೇಲೆ ಮ್ಯಾಲ, ತೋಟ ತ್ವಾಟ. ಅಂದರೆ ಬಾಯಲ್ಲಿ 'ಯಾ' ಅಥವಾ 'ವಾ' ಬಂತೋ, ಬರೆಯುವಾಗ ದೀರ್ಘ. ಕೇಳು, ಕೋಳಿ ಥರದ ಕಡೆ ಇದು ಉಪಯೋಗಕ್ಕೆ ಬರಲ್ಲ, ಅವನ್ನು ಬಾಯಿಪಾಠ ಮಾಡಿದೆ. ಓಣಿಯ ಕನ್ನಡ ಬರವಣಿಗೆ ಕೆಡಿಸುತ್ತದೆ ಅಂತ ಹೆದರಿದ್ದೆ, ಅದೇ ನೆರವಿಗೆ ಬಂತು ನೋಡಿ.

ವ್ಯಾಕರಣ ಪುಸ್ತಕ ಒಂದು ತಂದಿದ್ದೆ, ಹತ್ತು ಪುಟ ದಾಟಲಿಲ್ಲ. ಅದರ ಬದಲು ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ನನ್ನ ತಪ್ಪುಗಳನ್ನಷ್ಟೇ ಬರೆದಿಟ್ಟೆ. ಮರಾಠಿಯಲ್ಲಿ ಸಂಧಿ ಅಂದರೆ ಅವಕಾಶ. 'ಎಲ್ಲರಿಗೂ ಮಾತಾಡಲು ಸಂಧಿ ಕೊಡಲಾಯಿತು' ಅಂತ ಬರೆದಿದ್ದೆ! ಮರಾಠಿಯಲ್ಲಿ ಬಸ್ಸು ಹೆಣ್ಣು, ಹಾಗಾಗಿ ಅವಸರದಲ್ಲಿ 'ಬಸ್ಸು ಬಂದಳು' ಆಗುತ್ತಿತ್ತು. ಇವಕ್ಕೆ ಜನ ನಗುತ್ತಾರೆ, ಅಷ್ಟೇ. ನಾನೂ ನಗುತ್ತೇನೆ.

ಹೆದರಬೇಕಾದ ತಪ್ಪು ಬೇರೆ ಇದೆ. ಒಮ್ಮೆ 'ಸದಸ್ಯರಿಂದ ಬರಬೇಕಾದ 5,000 ರೂಪಾಯಿ' ಅನ್ನೋ ಕಡೆ 'ಸದಸ್ಯರಿಗೆ' ಅಂತ ಬರೆದೆ. ಸಾಲ ಕೊಟ್ಟ ಸಂಘವೇ ಸಾಲಗಾರ ಆಯಿತು! ಖಜಾಂಚಿ ಸಹಿ ಹಾಕುವ ಮೊದಲು ನೋಡಿದ್ದಕ್ಕೆ ಉಳಿದುಕೊಂಡೆ. ಅಂದಿನಿಂದ ದುಡ್ಡು ಇರುವ ಸಾಲನ್ನು ಬೇರೆಯವರ ಕೈಲಿ ಗಟ್ಟಿಯಾಗಿ ಓದಿಸುತ್ತೇನೆ. 'ಗೆ', 'ಇಂದ', 'ಬೇಕು', 'ಬಹುದು', ಈ ನಾಲ್ಕರ ಮೇಲೆ ಬೆರಳಿಟ್ಟು ನೋಡುತ್ತೇನೆ. ಉಳಿದದ್ದು ಹೇಗಿದ್ದರೂ ನಡೆಯುತ್ತದೆ.

ಧೈರ್ಯ ಹೇಳುವವರೆಲ್ಲ ಬೇಂದ್ರೆಯವರ ಹೆಸರು ತೆಗೆಯುತ್ತಾರೆ. ಅವರ ಮನೆಮಾತು ಮರಾಠಿ, 1973ರಲ್ಲಿ ಜ್ಞಾನಪೀಠ ಬಂತು, ನಿನಗೇನು ಅಂತ. ನಾನು ಬರೆಯೋದು ಸಾಲದ ಠರಾವು ಮಾರಾಯ್ರೇ.

ಹೋದ ತಿಂಗಳು ಅದೇ ಹಿರಿಯ ಸದಸ್ಯೆ ಮತ್ತೆ ತಕರಾರು ತೆಗೆದರು. ಈ ಸಲ ಪಕ್ಕದಲ್ಲೇ ಬಂದು ಕೂತರು. "ಬರದ್ಯಾ?" ಅಂದರು. ಓದಿ ತೋರಿಸಿದೆ. "ಹೂಂ, ಹಿಂಗ ಅಂದಿದ್ದೆ" ಅಂತ ಸಹಿ ಹಾಕಿದರು. ಮನೆಗೆ ಬಂದು ನೋಡಿದರೆ ಒಂದು ಕಡೆ ದೀರ್ಘ ಬಿಟ್ಟುಹೋಗಿತ್ತು.